ಗಟಾರ ಯಾರದು?

ಗುಳೇದಗುಡ್ಡದ ನಮ್ಮ ಮನೆ ಹಳೆಯ ಕಲ್ಲಿನ ಮನೆ. ಕೆಳಗಿನ ಎರಡು ಕೋಣೆಗಳಲ್ಲಿ ನಮ್ಮ ಮಾವನವರ ಕುಣಿಮಗ್ಗಗಳಿದ್ದವು. ಖಣ ನೇಯುವ ಮನೆಗೆ ಸೊಸೆಯಾಗಿ ಬಂದವಳು ನಾನು. ಬೆಳಗಾದರೆ ಲಾಳಿಯ ಸಪ್ಪಳಕ್ಕೇ ಎಚ್ಚರವಾಗುತ್ತಿತ್ತು. ಮಾವನವರ ಕಾಲ ಮುಗಿದ ಮೇಲೆ ಮಕ್ಕಳು ಯಾರೂ ಮಗ್ಗಕ್ಕೆ ಕೂಡಲಿಲ್ಲ. ಕುಣಿಗಳಿಗೆ ಮಣ್ಣು ತುಂಬಿಸಿ ಮೇಲೆ ಫರಸಿ ಹಾಕಿಸಿದೆವು. ಕೋಣೆಗಳು ಬಹಳ ವರ್ಷ ಖಾಲಿಯೇ ಬಿದ್ದಿದ್ದವು. ನಾವಿರುವುದು ಮೇಲಿನ ಅಂತಸ್ತಿನಲ್ಲಿ.

2018ರಲ್ಲಿ ಒಬ್ಬ ಹುಡುಗ ಬಾಡಿಗೆ ಕೇಳಿಕೊಂಡು ಬಂದ. ರಕ್ತ, ಮೂತ್ರ, ಕಫ ತಪಾಸಣೆಯ ಡಿಪ್ಲೊಮಾ ಮುಗಿಸಿದ್ದ. ಊರಲ್ಲೇ ಲ್ಯಾಬ್ ಹಾಕುವ ಆಸೆ ಅವನದು. ನನಗೂ ಸಂತೋಷವಾಯಿತು. ಮೈಯಲ್ಲಿ ರಕ್ತ ಎಷ್ಟಿದೆಯೆಂದು ತಿಳಿಯಲು ಬಸುರಿ ಹೆಣ್ಣುಮಕ್ಕಳು ಬಿಸಿಲಲ್ಲಿ ದೂರ ಅಲೆಯುವುದು ತಪ್ಪುತ್ತದೆ. ಖಾಲಿ ಕೋಣೆಗೆ ಬಾಡಿಗೆಯೂ ಬರುತ್ತದೆ. ಒಂದು ಮೇಜು, ಸೂಕ್ಷ್ಮದರ್ಶಕ, ರಕ್ತ ತಿರುಗಿಸುವ ಯಂತ್ರ, ಸಣ್ಣ ಫ್ರಿಜ್, ಒಂದು ಬೇಸಿನ್. ಇಷ್ಟರಲ್ಲಿ ಲ್ಯಾಬ್ ಆಯಿತು. ಬೇಸಿನ್ನಿನ ಪೈಪನ್ನು ಮನೆಯ ಹಳೆಯ ಮೋರಿಗೇ ಜೋಡಿಸಿದ. ಆ ನೀರು ಓಣಿಯ ತೆರೆದ ಗಟಾರಕ್ಕೆ ಹೋಗುತ್ತಿತ್ತು.

ಆ ಗಟಾರಕ್ಕೂ ನಮ್ಮ ಮನೆಗೂ ಹಳೆಯ ನಂಟು. ನೂಲಿಗೆ ಬಣ್ಣ ಹಾಕಿದ ದಿನ ಅಲ್ಲಿ ಕೆಂಪು ನೀರೋ ಹಸಿರು ನೀರೋ ಹರಿಯುತ್ತಿತ್ತು. ನೀರು ನೋಡಿಯೇ ಓಣಿಯ ಮಕ್ಕಳು, “ಇವತ್ತ ಇವರ ಮನ್ಯಾಗ ಹಸರ ಖಣ” ಎನ್ನುತ್ತಿದ್ದವು. ನಮ್ಮ ಮನೆಯಿಂದ ಏನು ಹೊರಗೆ ಹೋಗುತ್ತಿದೆಯೆಂಬುದು ಓಣಿಗೆಲ್ಲ ಕಾಣುತ್ತಿತ್ತು. ಲ್ಯಾಬಿನಿಂದ ಬಂದ ನೀರಿಗೆ ಬಣ್ಣವಿರಲಿಲ್ಲ. ಹಾಗಾಗಿ ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಮರುವರ್ಷ ಒಂದು ಬೆಳಿಗ್ಗೆ ಗಟಾರ ತೆಗೆಯಲು ಬರುವ ಹೆಣ್ಣುಮಗಳು “ಯವ್ವಾ” ಎಂದು ಕೂಗಿದ್ದು ಮೇಲಿನವರೆಗೆ ಕೇಳಿಸಿತು. ಇಳಿದು ಬಂದು ನೋಡಿದರೆ ಅಂಗೈಯಲ್ಲಿ ಸೂಜಿ ನೆಟ್ಟಿತ್ತು. ನಾನು ಅರಿಷಿಣ ತರಲು ಓಡಿದೆ. ಹುಡುಗ ಹೊರಗೆ ಬಂದವನು ಸೂಜಿ ನೋಡಿ ಬಿಳಿಚಿಕೊಂಡ. ಅದೇನೆಂದು ಅವನಿಗೆ ಗೊತ್ತಿತ್ತು. ಸಾಬೂನು ಹಚ್ಚಿ, ನಳದ ನೀರು ಬಿಟ್ಟು ಆಕೆಯ ಕೈ ತೊಳೆದ. ಗಾಡಿಯ ಮೇಲೆ ಕೂಡಿಸಿಕೊಂಡು ಡಾಕ್ಟರರ ಕಡೆಗೆ ಹೋದ. ರಕ್ತದಿಂದ ಹರಡುವ ಕಾಮಾಲೆಗೆ ಇಂಜೆಕ್ಷನ್ ಆಯಿತು, ಎಚ್.ಐ.ವಿ. ಪರೀಕ್ಷೆಯಾಯಿತು. ಆದರೆ ಆ ಪರೀಕ್ಷೆ ಒಂದೇ ದಿನಕ್ಕೆ ಮುಗಿಯುವಂಥದಲ್ಲ. ಮತ್ತೆ ಮಾಡಿಸಬೇಕು, ಕಾಯಬೇಕು, ಮತ್ತೆ ಮಾಡಿಸಬೇಕು. ಹೀಗೆ ಆರು ತಿಂಗಳು ನಡೆಯಿತು.

ನಡುವೆ ಒಂದು ದಿನ ಆಕೆ ನಮ್ಮ ಕಟ್ಟೆಯ ಮೇಲೆ ಕೂತು, “ನನಗೇನರ ಆದ್ರ ಸಣ್ಣಾಕಿನ್ನ ಯಾರ ನೋಡತಾರ್ರೀ, ಅವ್ವಾರ?” ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಕೊನೆಗೆ ಆಕೆಗೆ ಏನೂ ಆಗಲಿಲ್ಲ. ಎಲ್ಲರೂ ದೇವರು ದೊಡ್ಡವನು ಎಂದರು. ಆದರೆ ಆಕೆ ಅಂಜಿಕೊಂಡು ಕಳೆದ ಆ ಆರು ತಿಂಗಳನ್ನು ಆಕೆಗೆ ಮರಳಿ ಕೊಡುವವರು ಯಾರು?

ಸೂಜಿ ಚುಚ್ಚಿದ ದಿನ ಸಂಜೆ ನನಗೂ ಹುಡುಗನಿಗೂ ಜಗಳವಾಗಿತ್ತು. ಸೂಜಿ ನಿನ್ನದು ಎಂದೆ ನಾನು. “ಸೂಜಿ ನಂದ ಖರೆ ಅಮ್ಮಾರ, ಆದ್ರ ಮೋರಿ ಮನೀದು. ಜಾಳಗಿ ಇಲ್ಲ, ಏನಿಲ್ಲ. ನಾ ಬಾಡಿಗಿ ಇರಾಂವಾ, ನಾ ಹೆಂಗ ಒಡದ ಕಟ್ಟಲಿ?” ಎಂದ ಅವನು. ಮೋರಿ ರಿಪೇರಿಗೆ ಎಷ್ಟು ಖರ್ಚು, ಅದನ್ನು ಯಾರು ಕೊಡಬೇಕು ಎಂಬಲ್ಲಿಗೆ ಮಾತು ಬಂದು ನಿಂತಿತು. ಅಷ್ಟು ಹೊತ್ತಿನಲ್ಲಿ ಆ ಹೆಣ್ಣುಮಗಳ ಹೆಸರನ್ನು ಇಬ್ಬರೂ ಒಮ್ಮೆಯೂ ಎತ್ತಲಿಲ್ಲ. ಇದು ನನ್ನ ಲಕ್ಷ್ಯಕ್ಕೆ ಬಂದದ್ದು ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡಾಗ.

ಮುಂದಿನ ವಾರ ನನ್ನ ತಂಗಿಯ ಮಗಳು ಬಂದಿದ್ದಳು. ಅವಳು ಸೂಕ್ಷ್ಮಜೀವಿ ಶಾಸ್ತ್ರ ಓದಿದವಳು, ದೊಡ್ಡ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದವಳು. ನಾನು ಮಸಾಲೆಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದೆ. ಘಾಟು ಪಡಸಾಲೆಗೆ ಹೋಗಬಾರದೆಂದು ಅಡಿಗೆಮನೆಯ ಬಾಗಿಲು ಮುಚ್ಚಿ, ಹೊರಗೆ ಗಾಳಿ ಎಳೆಯುವ ಫ್ಯಾನು ಹಾಕಿದ್ದೆ. ಅವಳು ನಕ್ಕಳು. “ದೊಡ್ಡವ್ವ, ಲ್ಯಾಬಿನ ಕಟ್ಟಡ ಕಟ್ಟೂ ವಿದ್ಯೆ ಅರ್ಧ ನಿನಗ ಬರತೈತಿ” ಎಂದಳು.

ಅವಳು ಅಂದು ತಿಳಿಸಿಕೊಟ್ಟದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ರೋಗಾಣುಗಳ ಜೊತೆ ಕೆಲಸ ಮಾಡುವ ಪ್ರಯೋಗಾಲಯಗಳಲ್ಲಿ ಒಂದರಿಂದ ನಾಲ್ಕರವರೆಗೆ ಸುರಕ್ಷತೆಯ ಮಟ್ಟಗಳಿವೆ. ಅಪಾಯ ಹೆಚ್ಚಿದಂತೆ ಮಟ್ಟ ಏರುತ್ತದೆ. ಮೂರನೆಯ ಮಟ್ಟದಿಂದ ಕಟ್ಟಡದ ರೀತಿಯೇ ಬೇರೆ. ಒಳಗೆ ಹೋಗಲು ಎರಡು ಬಾಗಿಲು. ಒಂದು ಮುಚ್ಚದೆ ಇನ್ನೊಂದು ತೆರೆಯುವುದಿಲ್ಲ. ಕಿಟಕಿಗಳನ್ನು ತೆಗೆಯಲು ಬರುವುದಿಲ್ಲ. ತೊಳೆಯಲು ಅನುಕೂಲವಾಗಲೆಂದು ನೆಲ ಮತ್ತು ಗೋಡೆ ಕೂಡುವ ಮೂಲೆಯನ್ನು ದುಂಡಗೆ ಮಾಡಿರುತ್ತಾರೆ. ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುವಂತೆ ಫ್ಯಾನುಗಳು ಸದಾ ಎಳೆಯುತ್ತಿರುತ್ತವೆ. ಹಾಗಾಗಿ ಬಾಗಿಲು ತೆರೆದರೂ ಗಾಳಿ ಹೊರಗಿನಿಂದ ಒಳಗೆ ನುಗ್ಗುತ್ತದೆ. ಗಾಳಿ ಎಳೆಯುವ ಫ್ಯಾನು ಕೆಟ್ಟರೆ, ಗಾಳಿ ತುಂಬುವ ಫ್ಯಾನು ತಾನಾಗಿ ನಿಲ್ಲಬೇಕು.

“ನಿನ್ನ ಘಾಟು ಬಾಜೂ ಮನಿಯವರ ಮೂಗಿಗೆ ಹೋತು. ಅಲ್ಲಿ ಹಂಗ ಬಿಡಂಗಿಲ್ಲ” ಎಂದಳು. ಎಳೆದ ಗಾಳಿ ಒಂದು ದಪ್ಪ ಸೋಸಣಿಗೆಯ ಮೂಲಕ ಹೋಗಬೇಕು. ಅದಕ್ಕೆ ಹೆಪಾ ಫಿಲ್ಟರ್ ಎನ್ನುತ್ತಾರೆ. ಹಿಡಿಯಲು ಅತಿ ಕಷ್ಟವಾದ ಕಣ, ಮಿಲಿಮೀಟರಿನ ಹತ್ತು ಸಾವಿರದಲ್ಲಿ ಮೂರು ಭಾಗದಷ್ಟಿನದು. ಅಂಥವು ಹತ್ತು ಸಾವಿರ ಬಂದರೆ ಅದು ಮೂರಕ್ಕಿಂತ ಹೆಚ್ಚು ದಾಟಗೊಡುವುದಿಲ್ಲ.

ಕಸಕ್ಕೂ ಹೀಗೆಯೇ. ಬಳಸಿದ ಸಾಮಾನು ಹೊರಬರುವ ದಾರಿಯಲ್ಲಿ ಆಟೋಕ್ಲೇವ್ ಎಂಬ ಯಂತ್ರವಿದೆ. ನಮ್ಮ ಕುಕ್ಕರಿನ ದೊಡ್ಡಣ್ಣ ಅದು. 15 ಪೌಂಡು ಒತ್ತಡದಲ್ಲಿ 121 ಡಿಗ್ರಿ ಬಿಸಿ ಹಬೆ. ದೊಡ್ಡ ಪ್ರಯೋಗಾಲಯಗಳಲ್ಲಿ ಅದನ್ನು ಗೋಡೆಯಲ್ಲೇ ಕೂಡಿಸುತ್ತಾರೆ. ಒಳಗಿನ ಬಾಗಿಲಿನಿಂದ ಇಟ್ಟದ್ದು ಬೆಂದ ಮೇಲೆ ಹೊರಗಿನ ಬಾಗಿಲಿನಿಂದ ಬರುತ್ತದೆ. ನಾವು ಸೀಟಿ ಎಣಿಸಿ ಬೇಳೆ ಬೆಂದಿತೆಂದು ನಂಬುತ್ತೇವೆ. ಅಲ್ಲಿ ನಂಬಿಕೆ ಸಾಲದು. ಸುಲಭವಾಗಿ ಸಾಯದಂಥ ಜೀವಾಣುವಿನ ಬೀಜಕಗಳನ್ನು ಆಗಾಗ ಕಸದ ನಡುವೆ ಇಟ್ಟು, ಅವು ಸತ್ತವೋ ಇಲ್ಲವೋ ಎಂದು ನೋಡುತ್ತಾರೆ. ನಾಲ್ಕನೆಯ ಮಟ್ಟದಲ್ಲಿ ಮೋರಿಯ ನೀರನ್ನು ಕೂಡ ತೊಟ್ಟಿಯಲ್ಲಿ ಹಿಡಿದು ರೋಗಾಣು ಸಾಯುವಂತೆ ಕಾಯಿಸಿಯೇ ಬಿಡುತ್ತಾರೆ. ಅಲ್ಲಿ ಕೆಲಸ ಮಾಡುವವರು ಗಾಳಿ ತುಂಬಿದ ಅಂಗಿಯೊಳಗೆ ಇದ್ದು, ಹೊರಗೆ ಬರುವಾಗ ಸ್ನಾನ ಮಾಡಿಯೇ ಬರಬೇಕು.

ಸ್ನಾನದ ಮಾತು ಬಂದಾಗ ನನಗೆ ನಮ್ಮ ಅತ್ತೆಯವರ ಮಡಿ ನೆನಪಾಯಿತು. ಹೊರಗಿನದು ಒಳಗೆ ಬರಬಾರದು, ಒಳಗಿರುವ ನಾವು ಕೆಡಬಾರದು. ಇದು ಮಡಿಯ ವಿಚಾರ. ಈ ಕಟ್ಟಡದ ಮಡಿ ಅದಕ್ಕೆ ಪೂರ್ತಿ ತಿರುವುಮುರುವು. ಅಪಾಯ ನನ್ನಲ್ಲಿದೆ, ಹೊರಗಿನವರು ನನ್ನಿಂದ ಕೆಡಬಾರದು ಎನ್ನುತ್ತದೆ ಅದು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಗಟಾರ ತೆಗೆಯುವ ಆ ಹೆಣ್ಣುಮಗಳ ಅವ್ವನಿಗೆ ನಮ್ಮ ಅತ್ತೆಯವರು ಹೊಸ್ತಿಲಾಚೆ ನಿಲ್ಲಿಸಿ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ನಾನು ಅದನ್ನು ನೋಡಿಕೊಂಡು ಸುಮ್ಮನಿದ್ದವಳು. ಅವರಿಂದ ನಮಗೆ ಮೈಲಿಗೆಯೆಂದು ತಿಳಿದ ಮನೆಯಿಂದಲೇ ಆಕೆಯ ಕೈಗೆ ಸೂಜಿ ಹೋಯಿತು. ಯಾರಿಂದ ಯಾರಿಗೆ ಮೈಲಿಗೆ?

ಅತ್ತೆಯವರು ಇನ್ನೊಂದು ಸಂಗತಿಯನ್ನೂ ಹೇಳುತ್ತಿದ್ದರು. ಹಿಂದೆ ಪ್ಲೇಗು ಬಂದಾಗ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಂತೆ. ಆಗ ಮನೆಯನ್ನು ರೋಗಕ್ಕೆ ಬಿಟ್ಟುಕೊಟ್ಟು ಜನ ದೂರ ಹೋದರು. ಈಗ ರೋಗಕ್ಕೆ ಮನೆ ಕಟ್ಟಿ ಜನ ಅದರ ಸುತ್ತ ಇದ್ದೇವೆ. ಹಾಗಾದರೆ ರೋಗಕ್ಕೆ ಮನೆ ಕಟ್ಟುವುದೇ ತಪ್ಪೆ? ನಾನು ಅವಳನ್ನು ಹೀಗೆಯೇ ಕೇಳಿದೆ. ಅವಳು ನಮ್ಮ ರಾಜ್ಯದ್ದೇ ಕಥೆ ಹೇಳಿದಳು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನ ಜ್ವರ ಬಂದು ಮಲಗಿದರು. ಅದು ಬೇರೆ ಖಂಡದ ಹಳದಿ ಜ್ವರವಿರಬಹುದೆಂದು ಮೊದಲು ಅಂಜಿದರು. ಪುಣೆಯಲ್ಲಿ 1952ರಲ್ಲಿ ಶುರುವಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಇದು ಹೊಸದೇ ವೈರಸ್, ಕಾಡಿನ ಉಣ್ಣಿಯಿಂದ ಬರುತ್ತದೆ ಎಂದು ಕಂಡುಹಿಡಿದರು. ಇಂದಿಗೂ ಅದಕ್ಕೆ ಕ್ಯಾಸನೂರಿನ ಹೆಸರೇ ಇದೆ. ಜನ ಮಂಗನ ಕಾಯಿಲೆ ಎನ್ನುತ್ತಾರೆ. ಆ ವೈರಸ್ಸನ್ನು ಹಿಡಿದು, ಬೆಳೆಸಿ, ನೋಡದಿದ್ದರೆ ಸೊಪ್ಪು ಸೌದೆಗೆ ಕಾಡಿಗೆ ಹೋಗುವ ಹೆಂಗಸರಿಗೆ ಉಣ್ಣಿಯಿಂದ ಜೋಪಾನವಾಗಿರಿ ಎಂದು ಹೇಳುವುದಕ್ಕೂ ಯಾರಿಗೂ ಗೊತ್ತಿರುತ್ತಿರಲಿಲ್ಲ. ಆದರೆ ಹಿಡಿದು ಬೆಳೆಸಿದವರಲ್ಲೇ ಹಲವರಿಗೆ, ಪ್ರಯೋಗಾಲಯದೊಳಗೇ, ಆ ಜ್ವರ ಬಂತು. ಕಾಡಿಗೆ ಹೋಗದವರಿಗೆ ಕಾಡಿನ ಜ್ವರ. ಇಂಥ ಅನುಭವಗಳೆಲ್ಲ ಕೂಡಿ ಕಟ್ಟಡ ಕಟ್ಟುವ ರೀತಿ ಬದಲಾಯಿತು. ಆ ಕೇಂದ್ರ ಈಗ ರಾಷ್ಟ್ರೀಯ ವೈರಾಣು ಸಂಸ್ಥೆ. ಅಲ್ಲಿ ನಾಲ್ಕನೆಯ ಮಟ್ಟದ ಪ್ರಯೋಗಾಲಯ 2012ರಲ್ಲಿ ಉದ್ಘಾಟನೆಯಾಯಿತು. ಜ್ವರ ಬಂದವರಿಗೂ ಈ ಕಟ್ಟಡಕ್ಕೂ ನಡುವೆ ಅರ್ಧ ಶತಮಾನ.

ಹೀಗಾಗಿ ರೋಗಾಣುವನ್ನು ಇಟ್ಟುಕೊಳ್ಳುವುದೇ ತಪ್ಪು ಎನ್ನಲು ನನಗೆ ಮನಸ್ಸು ಬರಲಿಲ್ಲ. ನಮಗೆ ಲಸಿಕೆ ಬೇಕು, ತಪಾಸಣೆ ಬೇಕು, ನಮ್ಮ ಓಣಿಯಲ್ಲಿ ಮಾತ್ರ ಬೇಡ ಎನ್ನುವುದು ಹಾಲು ಬೇಕು, ಸಗಣಿ ಬೇಡ ಎಂದಂತೆ. ಆದರೆ ಅಪಾಯವನ್ನು ಇಟ್ಟುಕೊಂಡವರಿಗೆ ಸುತ್ತಲಿನವರ ಋಣವೊಂದು ಇರುತ್ತದೆ. ಆ ಋಣ ಹೇಗೆ ತಪ್ಪುತ್ತದೆಂಬುದಕ್ಕೆ ಅವಳು ಇನ್ನೂ ಎರಡು ಸಂಗತಿ ಹೇಳಿದಳು.

1978ರ ಮಾತು. ಜಗತ್ತಿನಲ್ಲಿ ಸಿಡುಬು ಅಷ್ಟರಲ್ಲಿ ಮುಗಿದೇ ಹೋಗಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದಲ್ಲಿ ಅದರ ವೈರಸ್ ಇತ್ತು. ಅದರ ಮೇಲಿನ ಅಂತಸ್ತಿನಲ್ಲಿ ಜಾನೆಟ್ ಪಾರ್ಕರ್ ಎಂಬ ಹೆಣ್ಣುಮಗಳು ವೈದ್ಯಕೀಯ ಫೋಟೋ ತೆಗೆಯುವ ಕೆಲಸ ಮಾಡುತ್ತಿದ್ದರು. ಸಿಡುಬಿಗೂ ಅವರಿಗೂ ಸಂಬಂಧವಿರಲಿಲ್ಲ. ಆಗಸ್ಟಿನಲ್ಲಿ ಜ್ವರ ಬಂತು, ಸಪ್ಟೆಂಬರ್ 11ರಂದು ತೀರಿಕೊಂಡರು. ಅವರ ತಾಯಿಗೂ ಸೋಂಕು ತಗುಲಿ ಉಳಿದರು. ತಂದೆ ಅದೇ ದಿನಗಳಲ್ಲಿ ಹೃದಯಾಘಾತದಿಂದ ಹೋದರು. ಪ್ರಯೋಗಾಲಯದ ಮುಖ್ಯಸ್ಥರು ಆ ಭಾರ ತಾಳದೆ ತಾವೇ ಪ್ರಾಣ ಕಳೆದುಕೊಂಡರು. ವೈರಸ್ ಗಾಳಿ ಹೋಗುವ ಕೊಳವೆಯ ದಾರಿಯಿಂದ ಮೇಲೆ ಏರಿರಬೇಕೆಂದು ವಿಚಾರಣೆಯ ವರದಿ ಹೇಳಿತು. ಮರುವರ್ಷ ನ್ಯಾಯಾಲಯದಲ್ಲಿ ಅದು ಸಿದ್ಧವಾಗಲಿಲ್ಲ. ಸಿಡುಬಿನಿಂದ ಸತ್ತ ಜಗತ್ತಿನ ಕೊನೆಯ ಮನುಷ್ಯಳು ಆಕೆ. ನನ್ನ ತೋಳಿನ ಮೇಲೆ ಚಿಕ್ಕವಳಿದ್ದಾಗ ದೇವಿ ಹಾಕಿಸಿದ ಕಲೆ ಇನ್ನೂ ಇದೆ. ಆ ಕಥೆ ಕೇಳುವಾಗ ನನ್ನ ಕೈ ತಾನಾಗಿ ಅದರ ಮೇಲೆ ಹೋಯಿತು. ನಾನೂ ಮೇಲಿನ ಅಂತಸ್ತಿನವಳೇ ಅಲ್ಲವೆ?

ಎರಡನೆಯದು 2007ರದು, ಅದೇ ದೇಶದ ಪಿರ್‌ಬ್ರೈಟ್ ಎಂಬಲ್ಲಿಯದು. ಒಂದೇ ಆವರಣದಲ್ಲಿ ದನಗಳ ಕಾಲುಬಾಯಿ ಬೇನೆಯ ಮೇಲೆ ಕೆಲಸ ಮಾಡುವ ಒಂದು ಸಂಶೋಧನಾ ಸಂಸ್ಥೆ, ಅದರ ಲಸಿಕೆ ಮಾಡುವ ಒಂದು ಕಂಪನಿ. ಎರಡಕ್ಕೂ ಕೂಡಿ ನೆಲದೊಳಗೆ ಹಳೆಯ ಕೊಳವೆ ಮೋರಿ. ಅದು ಬಿರುಕುಬಿಟ್ಟಿತ್ತು, ಗಿಡದ ಬೇರು ಹೊಕ್ಕಿದ್ದವು. ದುರಸ್ತಿಯ ಖರ್ಚು ಯಾರು ಕೊಡಬೇಕೆಂದು ಇಬ್ಬರ ನಡುವೆ ವರ್ಷಗಟ್ಟಲೆ ಪತ್ರ ನಡೆದಿದ್ದವು. ಆ ವರ್ಷ ಜುಲೈಯಲ್ಲಿ ಜೋರು ಮಳೆಯಾಗಿ ನೆಲ ನೆನೆಯಿತು. ಮೋರಿಯಿಂದ ಸೋರಿದ ವೈರಸ್ ಮಣ್ಣಿಗೆ ಬಂದು, ಕಟ್ಟಡ ಕೆಲಸಕ್ಕೆ ಬಂದ ಲಾರಿಗಳ ಗಾಲಿಗೆ ಹತ್ತಿ ಹೊರಗೆ ಹೋಗಿರಬೇಕೆಂದು ತನಿಖೆಯಲ್ಲಿ ತಿಳಿಯಿತು. ಸುತ್ತಲಿನ ಹೊಲಗಳ ದನಗಳಿಗೆ ಬೇನೆ ಬಂತು, ಅವನ್ನೆಲ್ಲ ಕೊಲ್ಲಬೇಕಾಯಿತು.

ಇದನ್ನು ಕೇಳಿ ನಾನು ಸುಮ್ಮನಾದೆ. ಅಷ್ಟು ಓದಿದವರು, ಅಷ್ಟು ಹಣವಿದ್ದವರು. ಅವರ ಜಗಳವೂ ನನ್ನದೂ ಆ ಹುಡುಗನದೂ ಒಂದೇ. ಗಟಾರ ಯಾರದು?

ಅಂದಿನಿಂದ ಈ ಪ್ರಶ್ನೆಯನ್ನು ಬಹಳ ಸಲ ವಿಚಾರ ಮಾಡಿದ್ದೇನೆ. ತಪ್ಪು ಯಾರದೆಂದು ಕೇಳಿದರೆ ಅದನ್ನು ಇಬ್ಬರ ನಡುವೆ ಹಂಚಬಹುದು. ಅರ್ಧ ನಿನ್ನದು, ಅರ್ಧ ನನ್ನದು. ಹೊಣೆಯನ್ನು ಹಾಗೆ ಹಂಚಲು ಬರುವುದಿಲ್ಲ. ಇದು ಅವನದು ಎಂದು ನಾನು, ಇದು ಮನೆಯದು ಎಂದು ಅವನು ಬಿಟ್ಟ ಜಾಗವೊಂದಿತ್ತಲ್ಲ, ಸೂಜಿ ಜಾರಿದ್ದು ಅಲ್ಲಿಂದಲೇ. ಗೋಡೆ ಎಷ್ಟೇ ದಪ್ಪವಿರಲಿ, ಎರಡು ಹೊಣೆಗಳ ನಡುವೆ ಸಂದಿ ಇದ್ದರೆ ರೋಗಕ್ಕೆ ಅದೇ ಬಾಗಿಲು. ಅಪಾಯವಿರುವ ಕಡೆ ಇಬ್ಬರೂ ಪೂರ್ತಿ ಹೊಣೆ ಹೊರಬೇಕು. ಒಂದು ಮಗುವಿಗೆ ತಾಯಿಯೂ ಪೂರ್ತಿ, ತಂದೆಯೂ ಪೂರ್ತಿ ಇದ್ದಂತೆ.

ಇನ್ನೊಂದು ಮಾತು. ಒಳ್ಳೆಯ ಕಟ್ಟಡ ಮನುಷ್ಯ ತಪ್ಪು ಮಾಡುತ್ತಾನೆಂದು ಮೊದಲೇ ಒಪ್ಪಿಕೊಂಡಿರುತ್ತದೆ. ಎರಡು ಬಾಗಿಲು ಇರುವುದು ಒಂದನ್ನು ಮರೆಯುವವರಿಗಾಗಿ. ನಮ್ಮ ಹುಡುಗ ಕೆಟ್ಟವನಲ್ಲ. ದಿನಕ್ಕೆ ಎಷ್ಟೋ ಜನರ ಕೈಗೆ ಸೂಜಿ ಚುಚ್ಚುತ್ತಾನೆ, ಒಂದು ದಿನ ಒಂದು ಸೂಜಿ ಟ್ರೇಯ ನೀರಿನೊಂದಿಗೆ ಬೇಸಿನ್ನಿಗೆ ಜಾರಿತು. ಅವನಿಗೆ ನಾಳೆಯಿಂದ ಹುಷಾರು ಎಂದು ಬೈದು ಕೂತಿದ್ದರೆ ಮುಂದಿನ ಸೂಜಿಯ ದಾರಿ ಹಾಗೇ ತೆರೆದಿರುತ್ತಿತ್ತು.

ಅವನನ್ನು ಬಿಡಿಸಿ ಕಳಿಸೋಣ ಎಂದು ಮನೆಯಲ್ಲಿ ಮಾತು ಬಂತು. ಕಳಿಸಿದರೆ ಇನ್ನೊಂದು ಓಣಿಗೆ ಹೋಗುತ್ತಾನೆ, ಅಲ್ಲಿಯ ಗಟಾರಕ್ಕೂ ಒಬ್ಬಾಕೆ ಬರುತ್ತಾಳೆ. ಅದಕ್ಕೇ ಇರಿಸಿಕೊಂಡು ದುರಸ್ತಿ ಮಾಡಿದೆವು. ಆಸ್ಪತ್ರೆ ಮತ್ತು ಲ್ಯಾಬುಗಳ ಕಸಕ್ಕೆ ನಮ್ಮ ದೇಶದಲ್ಲಿ 1998ರಲ್ಲೇ ನಿಯಮಗಳಾಗಿವೆ, 2016ರಲ್ಲಿ ಹೊಸದಾಗಿ ಬಂದಿವೆ. ಸೂಜಿಯಂಥ ಚೂಪು ಸಾಮಾನಿಗೆ ಚುಚ್ಚಿದರೆ ತೂತಾಗದ ಬಿಳಿ ಡಬ್ಬಿ. ಉಳಿದದ್ದಕ್ಕೆ ಹಳದಿ, ಕೆಂಪು, ನೀಲಿ. ರಕ್ತ, ಕಫದಂಥದನ್ನು ಲ್ಯಾಬಿನಲ್ಲೇ ನಿರ್ಜೀವ ಮಾಡಿ ಆಮೇಲೆ ಹೊರಗೆ ಕೊಡಬೇಕು. ಹುಡುಗನಿಗೆ ಇವೆಲ್ಲ ಪುಸ್ತಕದಲ್ಲಿ ಗೊತ್ತಿದ್ದವು. ನಾನು ಬೇಸಿನ್ನಿಗೆ ಜಾಳಿಗೆ ಹಾಕಿಸಿ, ಪೈಪನ್ನು ಹಳೆಯ ಮೋರಿಯಿಂದ ಬಿಡಿಸಿ ಒಳಗಿನ ಮುಚ್ಚಿದ ತೊಟ್ಟಿಗೆ ತಿರುಗಿಸಿದೆ. ಅಲ್ಲಿ ಕ್ರಿಮಿನಾಶಕ ದ್ರಾವಣದಲ್ಲಿ ನಿಂತ ನೀರು ಆಮೇಲೆ ಹೊರಗೆ ಹೋಗುತ್ತದೆ. ಅವನು ಸೂಜಿ ಕತ್ತರಿಸುವ ಯಂತ್ರ ತಂದ, ಡಬ್ಬಿಗಳನ್ನು ತಂದ. ಬಾಡಿಗೆಯ ಕರಾರು ಪತ್ರದಲ್ಲಿ ಇವನ್ನೆಲ್ಲ ಬರೆಸಿದೆವು. ಇಬ್ಬರಲ್ಲಿ ಯಾರು ಮೊದಲು ನೋಡುತ್ತಾರೋ ಅವರು ಆಗಲೇ ಸರಿಮಾಡಿಸಬೇಕು, ಲೆಕ್ಕ ಆಮೇಲೆ ಎಂದೂ ಬರೆಸಿದೆವು.

ಎಲ್ಲ ಆದ ಮೇಲೆ ಆ ಹೆಣ್ಣುಮಗಳನ್ನು ಒಳಗೆ ಕರೆದು ತೋರಿಸಿದೆ. ಮೊದಲು ಹೊಸ್ತಿಲಲ್ಲೇ ನಿಂತಳು. ಬಾ ಎಂದು ಎರಡು ಸಲ ಕರೆಯಬೇಕಾಯಿತು. ಡಬ್ಬಿ, ತೊಟ್ಟಿ, ಪೈಪು ಎಲ್ಲ ನೋಡಿ, “ಇಲ್ಲೆ ರಗತದ ಕೆಲಸ ನಡೀತೈತಿ ಅಂತ ಆಗ ಒಂದ ಮಾತ ಹೇಳಿದ್ರ ನಾ ಗಟಾರದಾಗ ಕೈ ಹಾಕತಿದ್ದಿಲ್ರೀ, ಅವ್ವಾರ. ಸಲಿಕೀಲೆ ತೆಗೀತಿದ್ದೆ” ಎಂದಳು.

ಒಂದು ಮಾತು! ನಾವಿಬ್ಬರೂ ಜಗಳಾಡಿದ ಖರ್ಚಿನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಅದಕ್ಕೆ ದುಡ್ಡೂ ಬೀಳುತ್ತಿರಲಿಲ್ಲ. ಅಪಾಯದ ಹತ್ತಿರ ಬದುಕುವವರಿಗೆ, ಇಲ್ಲಿ ಇಂಥದು ಇದೆ ಎಂದು ಹೇಳುವುದು ಮೊದಲ ಗೋಡೆ. ಉಳಿದ ಗೋಡೆಗಳೆಲ್ಲ ಅದರ ಮೇಲೆ ಏಳಬೇಕು.

ಆ 2019ರಲ್ಲೇ ಚೀನಾದ ಲಾಂಜೌ ಪಟ್ಟಣದಲ್ಲಿ ದನಗಳ ಲಸಿಕೆ ಮಾಡುವ ಕಾರಖಾನೆಯಿಂದ ಬ್ರುಸೆಲ್ಲಾ ಎಂಬ ಜೀವಾಣು ಗಾಳಿಗೆ ಸೇರಿ, ಹತ್ತು ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿತು. ಕಾರಣ ದೊಡ್ಡದೇನಲ್ಲ: ಹೊರಬಿಡುವ ಗಾಳಿಯನ್ನು ಶುದ್ಧಮಾಡಲು ಅವಧಿ ಮುಗಿದ ಕ್ರಿಮಿನಾಶಕ ಬಳಸಿದ್ದರು. ಇದನ್ನು ತಂಗಿಯ ಮಗಳು ಫೋನಿನಲ್ಲಿ ಹೇಳಿದಾಗ ನಾನು ಕೆಳಗಿಳಿದು ನಮ್ಮ ಡಬ್ಬಿಯ ತಾರೀಖು ನೋಡಿ ಬಂದೆ. ಆ ಮೇಲೆ ಪ್ರತಿ ತಿಂಗಳ ಒಂದನೇ ತಾರೀಖಿಗೆ ಹುಡುಗ ಒಂದು ಸಲ, ನಾನು ಒಂದು ಸಲ, ಬೇರೆ ಬೇರೆಯಾಗಿ ಜಾಳಿಗೆ, ತೊಟ್ಟಿ, ಔಷಧದ ತಾರೀಖು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. ಒಂದೇ ದಿನದ ಮೇಲೆ ಎರಡು ಗುರುತು.

ಈಗ ನನ್ನ ಮೊಣಕಾಲು ಮೆಟ್ಟಿಲು ಇಳಿಯಲು ತಕರಾರು ಮಾಡುತ್ತವೆ. ಅವನು ನೋಡಿರುತ್ತಾನೆ ಬಿಡು ಎಂದು ಮನಸ್ಸು ಹೇಳುತ್ತದೆ. ಅವನ ಮನಸ್ಸೂ ಅಮ್ಮಾರು ನೋಡಿರುತ್ತಾರೆ ಎನ್ನಬಹುದು. ಇವತ್ತು ಒಂದನೇ ತಾರೀಖು. ಕೆಳಗೆ ಹೋಗಿ ಬರುತ್ತೇನೆ.